ಹತ್ತು ನಿಮಿಷದ ನಿಯಮ

ಡಯಾಲಿಸಿಸ್ ವಿಭಾಗದ ಫೋನು ಮೂರನೇ ಸಲ ಹೊಡೆದುಕೊಂಡಾಗ ಡ್ವೇನ್ ಕೊಸ್ಕೆಲಾ ಎತ್ತಲೇಬೇಕಾಯಿತು. ಎತ್ತುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಬೆವರೇನೂ ಇರಲಿಲ್ಲ. ಹೊರಗೆ ಸರೋವರದ ಕಡೆಯಿಂದ ಬೆಳಿಗ್ಗೆಯಿಂದ ಹಿಮ ಬೀಳುತ್ತಿತ್ತು. ನೆಲಮಾಳಿಗೆಯ ಈ ಕೋಣೆಗೆ ಇದ್ದ ಒಂದೇ ಕಿಟಕಿ ಅರ್ಧ ಮುಚ್ಚಿಹೋಗಿತ್ತು. ಬುಧವಾರದಿಂದ ಆ ವಿಭಾಗದ ನಂಬರು ಕಂಡರೆ ಸಾಕು, ಅವನು ಫೋನು ಎತ್ತದೆ ಬಿಡುತ್ತಿದ್ದ. ಯಾಕೆ ಎಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳದಿರಲು ಸಾಕಷ್ಟು ಕೆಲಸ ಹಚ್ಚಿಕೊಂಡಿದ್ದ.

“ಡ್ವೇನ್, ನಾನು ಡೆನೀಸ್. ಸ್ಕ್ರೀನು ಮತ್ತೆ ಲಾಕ್ ಆಯ್ತು.”

“ಯಾವುದು?”

“ಯಾವುದು ಅಂತ ಕೇಳ್ತೀಯಲ್ಲ. ಎಲ್ಲಾನೂ. ಹತ್ತು ನಿಮಿಷ ಮುಟ್ಟದೆ ಬಿಟ್ರೆ ಪಾಸ್‌ವರ್ಡ್ ಕೇಳತ್ತೆ. ಸೋಮವಾರದಿಂದ ಇದೇ ಗೋಳು. ಪೇಷಂಟ್ ನೋಡೋದು ಬಿಟ್ಟು ಸರದಿ ಮೇಲೆ ಮೌಸ್ ಅಲ್ಲಾಡಿಸ್ತಾ ಕೂತಿದೀವಿ ನಾವು.”

“ಮೊದಲೂ ಹಾಗೇ ಇತ್ತೇನೋ. ನೀವು ಗಮನಿಸಿರಲ್ಲ.”

ಆ ಕಡೆ ಯಾವುದೋ ಯಂತ್ರ ಬೀಪ್ ಎನ್ನುತ್ತಿತ್ತು. “ಹದಿನಾಲ್ಕು ವರ್ಷದಿಂದ ಇಲ್ಲೇ ಇದೀನಿ,” ಎಂದಳು ಡೆನೀಸ್, ದನಿ ಏರಿಸದೆ. “ವೆರ್ನಾಗೂ ಇದೇ ಮಾತು ಹೇಳಿ ಮನೆಗೆ ಕಳಿಸಿದ್ರಿ. ನನಗೂ ಹೇಳು. ಪರವಾಗಿಲ್ಲ.” ಫೋನು ಇಟ್ಟಳು.

ವೆರ್ನಾ ಪ್ಯಾಕೆಟ್ ಆ ವಿಭಾಗದ ಮುಖ್ಯ ನರ್ಸು. ಅರವತ್ತೊಂದು ವರ್ಷ. ಸೋಮವಾರ ಬೆಳಿಗ್ಗೆ ಆರು ಕುರ್ಚಿಗಳಲ್ಲಿ ಮೂರನೆಯದರಲ್ಲಿ ಕೂತಿದ್ದ ಲೆಸ್ಟರ್ ನೈಮಿ ಎಂಬ ಮುದುಕನ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿದಾಗ ಅವನಿಗೆ ಬೆಳಿಗ್ಗೆ ಏನು ಕೊಟ್ಟಿದ್ದಾರೆ, ಯಾವುದು ಕೊಡಕೂಡದು ಎಂದು ನೋಡಲು ಆಕೆ ಕಂಪ್ಯೂಟರಿಗೆ ತಿರುಗಿದಳು. ಪರದೆ ಲಾಕ್ ಆಗಿತ್ತು. ಕೈಗವಸಿಗೆ ರಕ್ತ ಅಂಟಿತ್ತು, ಪಾಸ್‌ವರ್ಡ್ ಮೂರು ಸಲ ತಪ್ಪಾಯಿತು, ಮೂರನೆಯ ತಪ್ಪಿಗೆ ಆ ಯಂತ್ರ ಆಕೆಯನ್ನು ಪೂರ್ತಿ ಹೊರಗೆ ಹಾಕಿತು. ನಾಲ್ಕು ನಿಮಿಷ. ಲೆಸ್ಟರ್ ಈಗ ನೂರು ಮೈಲಿ ಆಚೆಯ ದೊಡ್ಡ ಆಸ್ಪತ್ರೆಯಲ್ಲಿದ್ದಾನೆ, ಕಣ್ಣು ಬಿಟ್ಟಿದ್ದಾನಂತೆ, ಮಾತಿಲ್ಲ. ವೆರ್ನಾ ಹೇಳಿದ್ದು ಒಂದೇ ಮಾತು: ನಾನು ಲಾಕ್ ಮಾಡಲಿಲ್ಲ, ಅದೇ ಆಯಿತು, ಹಿಂದೆಂದೂ ಆಗಿರಲಿಲ್ಲ. ಆಡಳಿತದವರು ಕಂಪ್ಯೂಟರ್ ವಿಭಾಗವನ್ನು ಕೇಳಿದರು. ಕಂಪ್ಯೂಟರ್ ವಿಭಾಗ ಎಂದರೆ ರಸ್ ಮತ್ತು ಡ್ವೇನ್, ರಸ್ ಮೇಲಿನವನು. ಮಂಗಳವಾರ ರಸ್ ಬಾಗಿಲಿಗೆ ಒರಗಿ, ಕೈಯಲ್ಲಿ ಕಾಫಿ ಹಿಡಿದು, “ನಮ್ಮ ಕಡೆಯಿಂದ ಏನಾದ್ರೂ ಬದಲಾಗಿತ್ತಾ ಮಾರಾಯ?” ಎಂದು ಕೇಳಿದಾಗ ಡ್ವೇನ್ ಇಲ್ಲವೆಂದ. ಬರೆದು ಕೊಡು ಎಂದ ರಸ್. ಬರೆದ. ‘ಕಳೆದ ಒಂದು ತಿಂಗಳಿಂದ ಡಯಾಲಿಸಿಸ್ ವಿಭಾಗದ ಕಂಪ್ಯೂಟರುಗಳಲ್ಲಿ ನಮ್ಮ ಕಡೆಯಿಂದ ಯಾವ ಬದಲಾವಣೆಯನ್ನೂ ಮಾಡಿಲ್ಲ.’ ಕೆಳಗೆ ತನ್ನ ಹೆಸರು.

ಬರೆಯುವಾಗ ನಂಬಿದ್ದನೇ? ಈಗ ಫೋನು ಕೆಳಗಿಟ್ಟು, ನಿಯಮಗಳ ಪಟ್ಟಿ ತೆರೆದುಕೊಳ್ಳುವುದನ್ನು ಕಾಯುತ್ತ ಅವನು ಅದನ್ನೇ ಹಿಡಿದು ಜಗ್ಗಾಡುತ್ತಿದ್ದ. ನಂಬಿದ್ದೆ. ಬದಲಾವಣೆ ಮಾಡಿರಲಿಲ್ಲವಲ್ಲ. ಗುಡಿಸಿದ್ದೆ, ಅಷ್ಟೆ. ಮನೆ ಗುಡಿಸಿದವರು ಮನೆ ಬದಲಾಯಿಸಿದೆ ಅನ್ನುತ್ತಾರೆಯೇ? ಆದರೂ ‘ಬದಲಾವಣೆ’ ಎಂಬ ಪದ ಟೈಪು ಮಾಡುವಾಗ ಬೆರಳು ಒಂದು ಗಳಿಗೆ ನಿಂತಿತ್ತು. ಕಾಗುಣಿತಕ್ಕಾಗಿ ನಿಂತಿತು ಎಂದುಕೊಂಡಿದ್ದ. ಮನುಷ್ಯ ತನಗೆ ತಾನೇ ಎಷ್ಟು ಸಲೀಸಾಗಿ ಸುಳ್ಳು ಹೇಳಿಕೊಳ್ಳುತ್ತಾನೆ! ಹೆಂಡತಿಯ ಹತ್ತಿರ ಹೇಳುವಾಗಲಾದರೂ ಕಣ್ಣು ತಪ್ಪಿಸಬೇಕಾಗುತ್ತದೆ.

ಹೋದ ಶುಕ್ರವಾರ ಮಧ್ಯಾಹ್ನ ನಾಲ್ಕೂಕಾಲು. ಶುಕ್ರವಾರ ಮಧ್ಯಾಹ್ನದ ಮೇಲೆ ಏನನ್ನೂ ಮುಟ್ಟಬಾರದು ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಡಿ. ಮುಟ್ಟಿ ಕೆಟ್ಟರೆ ಎರಡು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವನು ಅವನೇ. ಆದರೆ ಹೊರಗಿನಿಂದ ಬಂದ ತಪಾಸಣೆಯವಳು, ಮಗಳ ವಯಸ್ಸಿನವಳು, ಪಟ್ಟಿ ನೋಡುತ್ತ ನೋಡುತ್ತ ನಕ್ಕಿದ್ದಳು. ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಹೇಗೆ ನಡೆದುಕೊಳ್ಳಬೇಕು ಎನ್ನುವ ನಿಯಮಗಳೆಲ್ಲ ಇರುವ ಪಟ್ಟಿ ಅದು. ಯಾರ ಪರದೆ ಎಷ್ಟು ಹೊತ್ತಿಗೆ ಲಾಕ್ ಆಗಬೇಕು, ಯಾವ ಪ್ರಿಂಟರು ಯಾರಿಗೆ ಕಾಣಬೇಕು, ಎಲ್ಲವೂ ಅಲ್ಲಿ. ಅದರ ನಡುವೆ ಇವರಿಗೆ ಮೊದಲು ಇದೇ ಕೆಲಸ ನೋಡಿಕೊಳ್ಳುತ್ತಿದ್ದ ಆರ್ವಿಡ್ ಮಾಕಿ ಇಟ್ಟ ಹೆಸರುಗಳು: ‘ಅಡುಗೆಮನೆಯ ಬಡ್‌ಗೆ’, ‘ಪಾದ್ರಿಗಳ ಪ್ರಿಂಟರು’, ‘ಎಕ್ಸ್‌ರೇ ಹುಡುಗಿಯರು ಜಗಳ ಆಡಿದ ಮೇಲೆ’, ‘ವೆರ್ನಾ ಕೇಳಿದ್ದು’. ಆರ್ವಿಡ್‌ನ ರೀತಿಯೇ ಅದು. ನಿಯಮಕ್ಕೆ ಕೆಲಸದ ಹೆಸರಿಡುತ್ತಿರಲಿಲ್ಲ, ಕೇಳಿದವರ ಹೆಸರಿಡುತ್ತಿದ್ದ. ತೆಗೆಯುವ ಮೊದಲು ಅವರ ಹತ್ತಿರ ಹೋಗಿ ಕೇಳು, ಅದಕ್ಕೇ ಹೆಸರು, ಎನ್ನುತ್ತಿದ್ದ. ಅವನ ನಿವೃತ್ತಿಯ ದಿನ ಕೇಕ್ ಕತ್ತರಿಸುವಾಗ ಡ್ವೇನ್ ಎಲ್ಲರ ಮುಂದೆ, “ಇದು ನೆಟ್‌ವರ್ಕೋ ಕ್ರಿಸ್‌ಮಸ್ ಉಡುಗೊರೆ ಪಟ್ಟಿಯೋ ನನಗಿನ್ನೂ ಗೊತ್ತಾಗಿಲ್ಲ,” ಎಂದಿದ್ದ. ಎಲ್ಲರೂ ನಕ್ಕರು. ಆರ್ವಿಡ್ ಎಲ್ಲರಿಗಿಂತ ತಡವಾಗಿ ನಕ್ಕ. ಮೂರು ವರ್ಷವಾಯಿತು ಅವನು ಸತ್ತು. ತಪಾಸಣೆಯವಳು ನಕ್ಕಾಗ ಡ್ವೇನ್‌ಗೆ ಆದ ಅವಮಾನ ಆರ್ವಿಡ್‌ನದಾಗಿರಲಿಲ್ಲ, ತನ್ನದೇ ಆಗಿತ್ತು. ಆಕೆ ಹೋದ ಮೇಲೆ ಹದಿನಾಲ್ಕು ನಿಯಮಗಳನ್ನು ಆರಿಸಿ ಒಂದೇ ಏಟಿಗೆ ಅಳಿಸಿದ. ಯಾವ ವೆರ್ನಾ ಎಂದು ಒಂದು ಸಲ ಮನಸ್ಸಿಗೆ ಬಂತು. ಆಸ್ಪತ್ರೆಯಲ್ಲಿ ನಾಲ್ಕು ನೂರು ಜನ. ಇಷ್ಟು ಹಳೆಯ ಹೆಸರಿನವಳು ಎಂದೋ ನಿವೃತ್ತಳಾಗಿರಬೇಕು ಎಂದುಕೊಂಡು ಮನೆಗೆ ಹೊರಟ. ದಾರಿಯಲ್ಲಿ ಚರ್ಚಿನಲ್ಲಿ ಮೀನೂಟ ಇತ್ತು.

ಪಟ್ಟಿ ತೆರೆದುಕೊಂಡಿತು. ಅಚ್ಚುಕಟ್ಟಾಗಿತ್ತು, ಒಂದೂ ನಗೆಯ ಹೆಸರಿರಲಿಲ್ಲ. ಬ್ಯಾಕಪ್ ಇಡುವ ತಂತ್ರಾಂಶವನ್ನು ತೆರೆದು ಹೋದ ಗುರುವಾರದ ಪ್ರತಿಯನ್ನು ಹುಡುಕಿದ. ಹದಿನಾಲ್ಕೂ ಅಲ್ಲಿದ್ದವು. ‘ವೆರ್ನಾ ಕೇಳಿದ್ದು’ ಎಂಬುದರ ಮೇಲೆ ಒತ್ತಿ ಒಳಗಿದ್ದುದನ್ನು ಓದಿದ. ಒಂದೇ ಸಾಲು. ಹತ್ತು ನಿಮಿಷ ಮುಟ್ಟದೆ ಬಿಟ್ಟ ಕಂಪ್ಯೂಟರು ಲಾಕ್ ಆಗಬೇಕು ಎಂಬುದು ಇಡೀ ಆಸ್ಪತ್ರೆಯ ನಿಯಮ, ರೋಗಿಗಳ ಕಾಗದ ಕಂಡವರ ಕಣ್ಣಿಗೆ ಬೀಳಬಾರದೆಂದು. ಈ ಆರು ಕಂಪ್ಯೂಟರುಗಳಿಗೆ ಅದು ಬೇಡ. ಅಷ್ಟೇ ವೆರ್ನಾ ಕೇಳಿದ್ದು. ಕೆಳಗೆ ಟಿಪ್ಪಣಿಯ ಜಾಗದಲ್ಲಿ ಆರ್ವಿಡ್ ಬರೆದಿದ್ದ: ‘ಕೈಯಲ್ಲಿ ರಕ್ತ ಇರುವಾಗ ಟೈಪು ಮಾಡಲಾಗುವುದಿಲ್ಲ ಎಂದಳು. ಸರಿಯಾಗೇ ಹೇಳಿದಳು.’

ಡ್ವೇನ್ ಎದ್ದು ನಿಂತ. ಎಲ್ಲಿಗೂ ಹೋಗಲಿಲ್ಲ, ಮತ್ತೆ ಕೂತ. ಮೊದಲು ಬಂದ ಯೋಚನೆ ಲೆಸ್ಟರ್ ನೈಮಿಯದಲ್ಲ, ವೆರ್ನಾಳದೂ ಅಲ್ಲ. ಯಾರು ಅಳಿಸಿದ್ದು ಎಂದು ದಾಖಲೆಯಲ್ಲಿ ಇರುತ್ತದೆಯೇ ಎಂಬುದು ಮೊದಲು ಬಂದ ಯೋಚನೆ. ಅದನ್ನು ಅವನು ಆಮೇಲೆ, ಎಷ್ಟೋ ಸಲ, ನೆನೆಸಿಕೊಂಡು ನಾಚಿದ. ಇರುವುದಿಲ್ಲ. ರಸ್ ಮತ್ತು ಅವನು ಒಂದೇ ಲಾಗಿನ್ ಬಳಸುತ್ತಿದ್ದರು, ಮಾಡಬಾರದೆಂದು ಇಬ್ಬರಿಗೂ ಗೊತ್ತಿದ್ದೇ. ದಾಖಲೆಯೂ ಎರಡು ದಿನಕ್ಕಿಂತ ಹಳೆಯದು ಉಳಿಯುತ್ತಿರಲಿಲ್ಲ. ಇವತ್ತು ಶುಕ್ರವಾರ. ಕಾಗದದ ಮೇಲೆ ಅದನ್ನು ಯಾರೂ ಅಳಿಸಿರಲಿಲ್ಲ.

ಮರಳಿಸು ಎಂಬ ಗುಂಡಿ ಒತ್ತಿದ. ಹಸಿರು ಪಟ್ಟಿ ತುಂಬಿತು, ಯಶಸ್ವಿ ಎಂದಿತು. ಡೆನೀಸ್‌ಗೆ ಫೋನು ಮಾಡಿ ಕಂಪ್ಯೂಟರುಗಳನ್ನು ಒಂದು ಸಲ ಆರಿಸಿ ಹಾಕಲು ಹೇಳಿದ. ಅರ್ಧ ಗಂಟೆ ಬಿಟ್ಟು ಅವಳೇ ಮಾಡಿದಳು: “ಏನು ಮಾಡ್ದೆ? ಇನ್ನೂ ಹಾಗೇ ಇದೆ.” ಅವನು ಹಣೆಗೆ ಕೈ ಇಟ್ಟುಕೊಂಡ. ಎಲ್ಲ ಬಿಟ್ಟು ಇದನ್ನು ಮರೆತೆನಲ್ಲ. ಅಳಿಸಿಹೋದ ನಿಯಮವನ್ನು ಬ್ಯಾಕಪ್‌ನಿಂದ ಮರಳಿಸಿದರೆ ನಿಯಮ ಮಾತ್ರ ಬರುತ್ತದೆ. ಅದನ್ನು ಯಾವ ಕಂಪ್ಯೂಟರುಗಳಿಗೆ ಕಟ್ಟಿತ್ತೋ ಆ ಕೊಂಡಿ ಬರುವುದಿಲ್ಲ. ಅದನ್ನು ಮನುಷ್ಯರು ಕೈಯಾರೆ ಮತ್ತೆ ಹಾಕಬೇಕು. ಇದೂ ಅವನು ಪಾಠ ಹೇಳುತ್ತಿದ್ದುದೇ, ಪಕ್ಕದ ಊರಿನ ಕಾಲೇಜಿನಲ್ಲಿ, ಬೋರ್ಡಿನ ಮೇಲೆ ಗೆರೆ ಎಳೆದು. ಡಯಾಲಿಸಿಸ್ ವಿಭಾಗದ ಆರು ಕಂಪ್ಯೂಟರುಗಳಿಗೆ ಕೊಂಡಿ ಹಾಕಿದ. ಹತ್ತೂಕಾಲಿಗೆ ಡೆನೀಸ್ ಮತ್ತೆ ಫೋನು ಮಾಡಿದಳು. “ಈಗ ನಿಂತಿದೆ. ಥ್ಯಾಂಕ್ಸ್.” ಆ ಥ್ಯಾಂಕ್ಸ್ ಅವನಿಗೆ ಹಿತವಾಯಿತು. ಹಿತವಾದದ್ದು ಗೊತ್ತಾಗಿ ಕಾಫಿ ತರಲು ಎದ್ದುಹೋದ.

ಎಲ್ಲ ಮೊದಲಿದ್ದ ಹಾಗೆ ಆಗಿತ್ತು. ಇನ್ನು ಯಾರಿಗೂ ಆ ರೀತಿ ಆಗುವುದಿಲ್ಲ. ಹೇಳಬೇಕು, ಖಂಡಿತ ಹೇಳಬೇಕು, ಆದರೆ ಸರಿಯಾದ ಹೊತ್ತು ನೋಡಿ. ಉಳಿದ ಹದಿಮೂರನ್ನೂ ಮರಳಿಸಿ, ಒಂದೊಂದಕ್ಕೂ ಕೊಂಡಿ ಹುಡುಕುತ್ತ ಕೂತ. ಸರಿಯಾದ ಹೊತ್ತು ಬರಲಿ ಎಂದು ಕಾಯುವವನಿಗೆ ಕೆಲಸಕ್ಕೇನು ಕೊರತೆ.

ಒಂದು ಗಂಟೆಗೆ ರಸ್ ಬಂದ, ಮಾಂಸದ ಕಡುಬನ್ನು ಕಾಗದದಲ್ಲಿ ಸುತ್ತಿಕೊಂಡು ತಿನ್ನುತ್ತ. ಮುಖದಲ್ಲಿ ಗೆಲುವಿತ್ತು. “ಮುಗೀತು ಕಣೋ. ಹ್ಯಾಲರನ್ ಒಬ್ಬಳನ್ನ ಕಳಿಸಿ ಪರೀಕ್ಷೆ ಮಾಡಿಸಿದ್ಲು. ಮಧ್ಯಾಹ್ನ ಹನ್ನೆರಡರಿಂದ ಇಪ್ಪತ್ತು ನಿಮಿಷ, ಗಡಿಯಾರ ಇಟ್ಕೊಂಡು, ಮುಟ್ಟದೆ ಕೂತಿದ್ಲಂತೆ. ಲಾಕ್ ಆಗ್ಲೇ ಇಲ್ಲ. ಪಾಪ ವೆರ್ನಾ. ಎರಡು ಗಂಟೆಗೆ ಕರೆದಿದಾರೆ. ಕೆಲಸ ಹೋಗತ್ತೆ, ಬಹುಶಃ ಲೈಸೆನ್ಸೂ.”

ಹ್ಯಾಲರನ್ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ. ಡ್ವೇನ್ ಸರಿಮಾಡಿದ್ದೇ ವೆರ್ನಾಳನ್ನು ಸುಳ್ಳಿಯನ್ನಾಗಿ ಮಾಡಿತ್ತು. ಹಾಳಾದದ್ದನ್ನು ಹಾಳಾಗಿಯೇ ಇಟ್ಟಿದ್ದರೆ ಆ ಗಡಿಯಾರದವಳ ಕಣ್ಣೆದುರೇ ಪರದೆ ಲಾಕ್ ಆಗುತ್ತಿತ್ತು. ಆದರೆ ಹಾಗೆ ಇಡುವ ಹಾಗಿರಲಿಲ್ಲ, ಕುರ್ಚಿಗಳಲ್ಲಿ ಜನ ಕೂತಿದ್ದರು. ಮಾಡಬೇಕಾದದ್ದನ್ನೇ ಮಾಡಿದ್ದ. ಮಾಡಿ, ಒಂದು ಮಾತು ಹೇಳದೆ ಕಾಫಿ ಕುಡಿದಿದ್ದ.

“ರಸ್. ಅದು ನಾನು.”

“ಯಾವುದು?”

ಹೇಳಿದ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ರಸ್ ಅಗಿಯುವುದನ್ನು ನಿಲ್ಲಿಸಿ, ನುಂಗಿ, ಹಿಂದಕ್ಕೆ ಕೈ ಚಾಚಿ ಬಾಗಿಲು ಹಾಕಿದ.

“ಈಗ ಸರಿಯಿದೆ ತಾನೆ?”

“ಇದೆ.”

“ಹಾಗಾದ್ರೆ ನೀನೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ.”

“ಆಕೆ ಕೆಲಸ ಹೋಗತ್ತೆ ಅಂತ ನೀನೇ ಅಂದೆ.”

“ಅರವತ್ತೊಂದು ಆಕೆಗೆ. ಇವತ್ತಲ್ಲ ನಾಳೆ ಹೋಗೋಳೇ. ನಿನಗೆ ಐವತ್ನಾಲ್ಕು. ಈ ಊರಲ್ಲಿ ನಿನಗೆ ಇನ್ನೆಲ್ಲಿ ಕೆಲಸ ಇದೆ ಹೇಳು, ಗಣಿ ಮುಚ್ಚಿ ಎಷ್ಟು ವರ್ಷ ಆಯ್ತು? ನೈಮಿ ಮನೆಯವರು ವಕೀಲರ ಹತ್ರ ಹೋದ್ರೆ ನಿನ್ನ ಹೆಸರು ಹಿಡಿದು ಜಗ್ತಾರೆ. ನನ್ನದೂ.” ಸ್ವಲ್ಪ ತಡೆದು, ಮೆತ್ತಗೆ, “ಬರೆದು ಕೊಟ್ಟೋನು ನೀನು, ಡ್ವೇನ್. ಅದೂ ನೆನಪಿರ್ಲಿ,” ಎಂದ. ಅದು ಬೆದರಿಕೆಯಾಗಿರಲಿಲ್ಲ. ರಸ್ ಕೆಟ್ಟವನಲ್ಲ, ಹೆದರಿದ್ದ. ತನ್ನ ಹೆದರಿಕೆಯನ್ನೇ ಇನ್ನೊಬ್ಬನ ಮುಖದಲ್ಲಿ ನೋಡಿ ಡ್ವೇನ್‌ಗೆ ಅಸಹ್ಯವಾಯಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವನು ಎರಡನೇ ಮಹಡಿಯ ಕೋಣೆಯ ಬಾಗಿಲು ತಟ್ಟಿದ. ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತಿದ್ದ. ಒಂದು ಸಲವಂತೂ ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿ, ಇವತ್ತು ಹಾಕಿಕೊಂಡ ಬೂಟಿಗೆ ಲೇಸೇ ಇಲ್ಲವೆಂದು ಕಂಡು, ಬಗ್ಗಿದಲ್ಲೇ ಸ್ವಲ್ಪ ಹೊತ್ತು ಇದ್ದ. ಒಳಗೆ ಮೇಜಿನ ಒಂದು ಬದಿಗೆ ಹ್ಯಾಲರನ್, ಇನ್ನೊಂದು ಬದಿಗೆ ವೆರ್ನಾ, ಪಕ್ಕದಲ್ಲಿ ಯೂನಿಯನ್ನಿನ ಬೋಳುತಲೆಯ ಮನುಷ್ಯ. ವೆರ್ನಾಳನ್ನು ಡ್ವೇನ್ ಕ್ಯಾಂಟೀನಿನಲ್ಲಿ ನೂರು ಸಲ ನೋಡಿದ್ದ, ಹೆಸರು ಮಾತ್ರ ಗೊತ್ತಿರಲಿಲ್ಲ. ಸಾಲಿನಲ್ಲಿ ಯಾವಾಗಲೂ ಹಿಂದಿನವರಿಗೆ ಜಾಗ ಬಿಟ್ಟುಕೊಡುವ ಹೆಂಗಸು. ಇವತ್ತು ಸಮವಸ್ತ್ರ ಇರಲಿಲ್ಲ. ಚರ್ಚಿಗೆ ಹಾಕಿಕೊಳ್ಳುವ ನೀಲಿ ಸ್ವೆಟರ್ ಹಾಕಿಕೊಂಡು ಬಂದಿದ್ದಳು.

“ಆ ನಿಯಮ ಅಳಿಸಿದ್ದು ನಾನು,” ಎಂದ, ಕೂರದೆ. “ಹೋದ ಶುಕ್ರವಾರ. ಸೋಮವಾರ ಸ್ಕ್ರೀನು ತಾನಾಗೇ ಲಾಕ್ ಆಗಿದ್ದು ಅದಕ್ಕೇ. ಇವರು ಹೇಳಿದ್ದು ನಿಜ.”

ಹ್ಯಾಲರನ್ ತನ್ನ ಮುಂದಿನ ಕಾಗದ ತಿರುವಿದಳು. “ಮಿಸ್ಟರ್ ಕೊಸ್ಕೆಲಾ, ಮಂಗಳವಾರ ನೀವು ಬರೆದು ಕೊಟ್ಟಿದ್ದು ಇಲ್ಲಿದೆ. ಯಾವ ಬದಲಾವಣೆಯೂ ಮಾಡಿಲ್ಲ ಅಂತ. ಎರಡರಲ್ಲಿ ಯಾವುದು ಸುಳ್ಳು?”

“ಅದು. ಮಂಗಳವಾರದ್ದು.”

“ಇವತ್ತು ಮಧ್ಯಾಹ್ನ ನಾವು ಪರೀಕ್ಷೆ ಮಾಡಿದ್ವಿ. ಏನೂ ಆಗಿಲ್ಲ.”

“ಬೆಳಿಗ್ಗೆ ಹತ್ತೂಕಾಲಿಗೆ ನಾನು ಸರಿಮಾಡಿದೆ. ಬ್ಯಾಕಪ್‌ನಿಂದ ವಾಪಸ್ ತಂದೆ.”

“ಯಾರಿಗೆ ಹೇಳಿ ಮಾಡಿದ್ರಿ?”

“ಯಾರಿಗೂ ಹೇಳಿಲ್ಲ.”

“ಅಳಿಸಿದ್ದಕ್ಕೆ ದಾಖಲೆ?”

“ಇಲ್ಲ. ಬ್ಯಾಕಪ್ ಇದೆ, ತೋರಿಸ್ತೀನಿ.”

“ನೀವು ತೋರಿಸೋದೆಲ್ಲ ನಿಮ್ಮ ಕೈಯಲ್ಲೇ ಇರೋದು. ಇವತ್ತು ಬೆಳಿಗ್ಗೆ ನೀವೇ ಮಾಡಿರೋದು.” ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಗಿತ್ತು. “ನೀವೂ ಯೂನಿಯನ್ ಸದಸ್ಯರು. ಇಲ್ಲಿ ಎಲ್ಲರಿಗೂ ಇವರ ಮೇಲೆ ಕನಿಕರ ಇದೆ, ನನಗೂ ಇದೆ. ಸೋಮವಾರದಿಂದ ಲಾಕ್ ಆಗ್ತಿದೆ ಅಂತ ಇಲ್ಲಿನ ನರ್ಸುಗಳೂ ಹೇಳಿದ್ರು. ಕನಿಕರಕ್ಕೆ ಜನ ಏನೇನೋ ಹೇಳ್ತಾರೆ. ಮಂಗಳವಾರ ಒಂದು, ಶುಕ್ರವಾರ ಒಂದು ಹೇಳೋರ ಮಾತನ್ನ ನಾನು ಫೈಲಿಗೆ ಹೇಗೆ ಹಾಕ್ಲಿ?”

ಅವನು ಊಹಿಸಿದ್ದು ಇದನ್ನಲ್ಲ. ಬೈಗುಳಕ್ಕೆ ಸಿದ್ಧನಾಗಿದ್ದ, ಕೆಲಸ ಹೋಗುವುದಕ್ಕೂ ಅರ್ಧ ಸಿದ್ಧನಾಗಿದ್ದ. ತಪ್ಪು ಒಪ್ಪಿಕೊಂಡವನ ಮಾತನ್ನು ನಂಬುವುದಿಲ್ಲ ಎಂದರೆ ಏನು ಮಾಡಬೇಕು? ವೆರ್ನಾ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಉಪಕಾರ ಸ್ಮರಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸೂಜಿ ಹಾಕುವ ಮೊದಲು ರಕ್ತನಾಳ ಹುಡುಕುವಾಗ ಹೀಗೇ ನೋಡುತ್ತಾಳೇನೋ ಅನ್ನಿಸಿತು.

“ಮತ್ತೆ ಅಳಿಸ್ತೀನಿ,” ಎಂದ. “ನಿಮ್ಮ ಕಣ್ಣೆದುರಿಗೆ. ಕೊನೇ ಪೇಷಂಟ್ ಹೋದ ಮೇಲೆ. ನೀವೇ ಬಂದು ಕೂತು ನೋಡಿ.”

ಯೂನಿಯನ್ನಿನವನು ಮೊದಲ ಸಲ ಬಾಯಿ ಬಿಟ್ಟ. “ಅದನ್ನ ಬರ್ಕೊಳ್ಳಿ,” ಎಂದ ಹ್ಯಾಲರನ್‌ಗೆ.

ನಾಲ್ಕೂವರೆಗೆ ಕೊನೆಯ ಕುರ್ಚಿ ಖಾಲಿಯಾಯಿತು. ಡೆನೀಸ್ ಕೊಳವೆಗಳನ್ನು ಬಿಚ್ಚಿ, ಕುರ್ಚಿ ಒರೆಸಿ, ಗೋಡೆಗೆ ಒರಗಿ ನಿಂತಳು. ರಸ್ ಬರಲಿಲ್ಲ. ಇಡೀ ಕೋಣೆ ಬ್ಲೀಚಿನ ವಾಸನೆ ಹೊಡೆಯುತ್ತಿತ್ತು. ಡ್ವೇನ್ ತನ್ನ ಲ್ಯಾಪ್‌ಟಾಪನ್ನು ಹ್ಯಾಲರನ್ ಕಡೆಗೆ ತಿರುಗಿಸಿ, ಹೆಸರನ್ನು ಬೆರಳಿಟ್ಟು ತೋರಿಸಿದ. ಆಕೆ ಗಟ್ಟಿಯಾಗಿ ಓದಿದಳು: ‘ವೆರ್ನಾ ಕೇಳಿದ್ದು.’ ವೆರ್ನಾ ತಲೆ ಎತ್ತಿ, “ಆರ್ವಿಡ್ ಹಾಗಂತ ಬರೆದಿದ್ರಾ?” ಎಂದಳು. ಡ್ವೇನ್ ಅದನ್ನು ಅಳಿಸಿದ. ಕಂಪ್ಯೂಟರಿಗೆ ಹೊಸ ಪಟ್ಟಿ ತೆಗೆದುಕೊಳ್ಳಲು ಅಪ್ಪಣೆ ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ದೂರ ನಿಂತ. ಮೂರನೇ ಕುರ್ಚಿಯ ಪಕ್ಕದ ಕಂಪ್ಯೂಟರಿನ ಮುಂದೆ ವೆರ್ನಾ ಕೂತಳು, ಎರಡೂ ಕೈ ತೊಡೆಯ ಮೇಲೆ. ಹ್ಯಾಲರನ್ ಗಡಿಯಾರ ನೋಡಿದಳು.

ಹತ್ತು ನಿಮಿಷ ಎಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡನೇ ನಿಮಿಷಕ್ಕೆ ಒಂದು ಹೆದರಿಕೆ ಬಂತು: ಲಾಕ್ ಆಗದಿದ್ದರೆ? ಮೂರನೇ ನಿಮಿಷಕ್ಕೆ ಇನ್ನೊಂದು ಬಂತು, ಅದು ಹೆದರಿಕೆಯಲ್ಲ, ಆಸೆ. ಲಾಕ್ ಆಗದಿದ್ದರೆ ತಾನೇ ತಪ್ಪು ತಿಳಿದಿದ್ದೆ ಅಂತಾಗುತ್ತದೆ. ಶುಕ್ರವಾರ ತಾನು ಅಳಿಸಿದ್ದಕ್ಕೂ ಸೋಮವಾರಕ್ಕೂ ಸಂಬಂಧವಿಲ್ಲ ಅಂತಾಗುತ್ತದೆ. ಮನೆಗೆ ಹೋಗಬಹುದು. ಎದುರಿಗೆ ಆಕೆ ಕೂತಿರುವಾಗಲೂ ಮನಸ್ಸು ಅಷ್ಟು ದೂರ ಓಡಿಹೋಯಿತು. ಎಳೆದು ತಂದು ನಿಲ್ಲಿಸಿದ. ಸೋಮವಾರ ಈ ಕುರ್ಚಿಯಲ್ಲಿ ನಾಲ್ಕು ನಿಮಿಷ ಹೇಗೆ ಕಳೆದಿರಬೇಕು, ಒಂದು ಕಡೆ ಮುದುಕನ ಮುಖ ಬಿಳಿಚಿಕೊಳ್ಳುತ್ತ, ಒಂದು ಕಡೆ ಈ ಗಾಜು ಪಾಸ್‌ವರ್ಡ್ ಕೇಳುತ್ತ. ಅದನ್ನು ಕಾಣಲು ಪ್ರಯತ್ನಿಸಿದ. ಲೆಸ್ಟರ್ ನೈಮಿಯ ಮುಖವೇ ಅವನಿಗೆ ಗೊತ್ತಿರಲಿಲ್ಲ. ಆ ನಾಲ್ಕು ನಿಮಿಷಗಳಲ್ಲಿ ತಾನು ಎಲ್ಲಿದ್ದೆ? ಸೋಮವಾರ ಬೆಳಿಗ್ಗೆ ಅಚ್ಚುಕಟ್ಟಾದ ಪಟ್ಟಿಯನ್ನು ಮುದ್ರಿಸಿ ತಪಾಸಣೆಯವಳಿಗೆ ಕಳಿಸುತ್ತಿದ್ದೆ. ಆಕೆ, ಚೆನ್ನಾಗಿದೆ ಎಂದು ಉತ್ತರ ಬರೆದಿದ್ದಳು.

ಹತ್ತನೇ ನಿಮಿಷ ತುಂಬಿದಾಗ ಪರದೆ ಕಪ್ಪಾಯಿತು, ಮರುಗಳಿಗೆ ಪಾಸ್‌ವರ್ಡಿನ ಖಾಲಿ ಚೌಕ ಮೂಡಿತು. ಹ್ಯಾಲರನ್ ಬಹಳ ಹೊತ್ತು ಬರೆದಳು. ಬರೆದು, “ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ, ಮಿಸ್ಟರ್ ಕೊಸ್ಕೆಲಾ. ಯೂನಿಯನ್ನಿನವರ ಜೊತೆ,” ಎಂದಳು. ವೆರ್ನಾಳಿಗೆ, “ನೀವು ಸೋಮವಾರದಿಂದ ಕೆಲಸಕ್ಕೆ,” ಎಂದಳು. ಕಾಗದ ಎತ್ತಿಕೊಂಡು ಹೋದಳು. ಯೂನಿಯನ್ನಿನವನು ಅವಳ ಹಿಂದೆ.

ವೆರ್ನಾ ಆ ಖಾಲಿ ಚೌಕವನ್ನೇ ನೋಡುತ್ತಿದ್ದಳು. “ಮೂರು ದಿನದಿಂದ ಮನೇಲಿ ಕೂತು ಯೋಚ್ನೆ ಮಾಡ್ತಿದ್ದೆ,” ಎಂದಳು, ಯಾರಿಗೆ ಎಂದು ಗೊತ್ತಾಗದ ಹಾಗೆ. “ಎಲ್ರೂ ಅಂತಾರೆ, ನಾನೇ ಲಾಕ್ ಮಾಡಿದ್ನೇನೋ ಅಂತ. ನಿನ್ನೆ ಹೊತ್ತಿಗೆ ನನಗೆ ಕಾಣಿಸೋಕೂ ಶುರುವಾಗಿತ್ತು. ನನ್ನ ಕೈ ಹೋಗಿ ಗುಂಡಿ ಒತ್ತಿದ್ದು. ಸ್ಪಷ್ಟವಾಗಿ ಕಾಣಿಸ್ತಿತ್ತು.”

“ವೆರ್ನಾ, ನಾನು—”

“ವಾಪಸ್ ಹಾಕಿ.”

ಅವನು ಹಾಕಿದ. ನಿಯಮ ಮರಳಿಸಿ, ಕೊಂಡಿ ಹಾಕಿ, ಆರು ಕಂಪ್ಯೂಟರಿಗೂ ಒಂದೊಂದಾಗಿ ಹೋಗಿ ಅಪ್ಪಣೆ ಕೊಟ್ಟ. ಆಕೆ ಕುರ್ಚಿಯಿಂದ ಏಳಲಿಲ್ಲ; ಮೂರನೆಯದರ ಹತ್ತಿರ ಬಂದಾಗ ಅವನು ಆಕೆಯ ಹೆಗಲ ಪಕ್ಕದಲ್ಲಿ ಬಗ್ಗಿಯೇ ಟೈಪು ಮಾಡಬೇಕಾಯಿತು. ಮುಗಿಸಿ, ಸರಿಹೋಯಿತು ಎಂದ.

“ಸೋಮವಾರ ಆರು ಗಂಟೆಗೆ ಮೊದಲ ಪೇಷಂಟ್ ಬರ್ತಾರೆ,” ಎಂದಳು ವೆರ್ನಾ, ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಎದ್ದು. “ನೀವು ಐದೂವರೆಗೆ ಬನ್ನಿ. ಇಲ್ಲಿ ಕೂತು, ಮುಟ್ಟದೆ, ಹತ್ತು ನಿಮಿಷ ನೋಡಿ ನನಗೆ ತೋರಿಸಿ. ಆಮೇಲೆ ಬೇಕಾದ್ರೆ ಹ್ಯಾಲರನ್ ಹತ್ರ ಹೋಗಿ. ನಿಮ್ಮ ಬಾಯಿಮಾತು ನಂಬಿ ನಾನು ಇನ್ನೊಬ್ಬರಿಗೆ ಸೂಜಿ ಹಾಕೋಕಾಗಲ್ಲ.”

“ಬರ್ತೀನಿ,” ಎಂದ ಡ್ವೇನ್.

ಆಕೆ ಚೀಲದಿಂದ ಪೆನ್ನು ತೆಗೆದು, ಗೋಡೆಯ ಪಟ್ಟಿಯಲ್ಲಿ ಸೋಮವಾರದ ಸಾಲಿನಲ್ಲಿ ರೋಗಿಗಳ ಹೆಸರುಗಳ ಮೇಲೆ ಐದೂವರೆ ಎಂದು ಬರೆದು, ಅವನ ಹೆಸರು ಬರೆದಳು.